ಬೀಗತಿಯರ ಎರಡು ಡಬ್ಬಿ, ಒಂದು ಟೀವಿ

ಅವ್ವನ ಚೀಲ ಮಂಚದ ಕೆಳಗೆ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡುವುದು ಆ ವರ್ಷ ನನ್ನ ಬೆಳಗಿನ ಮೊದಲ ಕೆಲಸವಾಗಿತ್ತು. ಹಲ್ಲುಜ್ಜುವುದು, ಹಾಲು ಕಾಯಿಸುವುದು ಎಲ್ಲ ಆಮೇಲೆ. ಕಪ್ಪು ರೆಕ್ಸಿನ್ನಿನ ದೊಡ್ಡ ಚೀಲ ಅದು. ಅಪ್ಪ ಇದ್ದಾಗ ಇಬ್ಬರೂ ಯಾತ್ರೆಗೆ ಹೋಗುವಾಗ ಒಯ್ಯುತ್ತಿದ್ದದ್ದು. ಧಾರವಾಡದ ಬಾಡಿಗೆ ಮನೆ ಬಿಟ್ಟು ಪುಣೆಗೆ ನಮ್ಮ ಮನೆಗೆ ಬಂದ ದಿನ ಅವ್ವ ಅದನ್ನು ಮಂಚದ ಕೆಳಗೆ ತಳ್ಳಿದಳು. ಆಮೇಲೆ ಪೂರ್ತಿ ಬಿಚ್ಚಲೇ ಇಲ್ಲ. ಉಡುವ ಸೀರೆಯನ್ನು ಮೇಲಿಂದ ಎಳೆದುಕೊಳ್ಳುವುದು, ಒಗೆದು ಒಣಗಿಸಿ ಮಡಚಿ ಮತ್ತೆ ಅದರೊಳಗೇ ಇಡುವುದು. ಅವಳಿಗೆಂದು ಕಪಾಟಿನಲ್ಲಿ ಒಂದು ಖಾನೆ ತೆರವು ಮಾಡಿ, ಹೊಸ ಕಾಗದ ಹಾಸಿ ಕೊಟ್ಟಿದ್ದೆ. ಆ ಕಾಗದ ಹಾಸಿದ ಹಾಗೆಯೇ ಇತ್ತು.

"ನಾಲ್ಕು ದಿನ ಇದ್ದು ಹೋಗಾಕಿ ನಾನು, ಕಪಾಟ ಯಾಕ ಬೇಕವಾ ನನಗ?" ಎನ್ನುತ್ತಿದ್ದಳು.

ಹೋಗುವುದಾದರೂ ಎಲ್ಲಿಗೆ? ಅಪ್ಪ ತೀರಿಕೊಂಡಿದ್ದರು. ನಾನು ಒಬ್ಬಳೇ ಮಗಳು. ಬಾಡಿಗೆ ಮನೆಗೆ ಬೇರೆಯವರು ಬಂದಾಗಿತ್ತು. ಉಳಿದದ್ದೆಂದರೆ ಶಿರೂರಿನಲ್ಲಿದ್ದ ಅವಳ ತಂಗಿಯ ಮನೆ. ಮುಂದೆ ಕಿರಾಣಿ ಅಂಗಡಿ, ಹಿಂದೆ ಎರಡು ಕೋಣೆ. ಅದರಲ್ಲಿ ಮಗ, ಸೊಸೆ, ಮೊಮ್ಮಕ್ಕಳು. ಅಲ್ಲಿಗೆ ಹೋದರೆ ಅವ್ವ ಸಕ್ಕರೆ ಚೀಲಗಳ ಪಕ್ಕದಲ್ಲಿ ಹಾಸಿಕೊಳ್ಳಬೇಕು. ಅದು ಅವಳಿಗೂ ಗೊತ್ತಿತ್ತು. ಆದರೂ ತಂಗಿಯ ಮನೆ ಎಂದರೆ ತವರಿನ ಕಡೆಯದು, ಮಗಳ ಮನೆ ಎಂದರೆ ಬೀಗರ ಮನೆ. ಬೀಗರ ಮನೆಯಲ್ಲಿ ಹೆಚ್ಚು ದಿನ ಉಳಿಯುವುದೆಂದರೆ ಅವ್ವನ ವಯಸ್ಸಿನವರಿಗೆ ಮುಳ್ಳಿನ ಮೇಲೆ ಕೂತಂತೆ. ಒಂದು ಲೋಟ ಚಹಾ ಮಾಡಿಕೊಳ್ಳುವ ಮುಂಚೆ "ಸ್ವಲ್ಪ ಹಾಲು ತಗೊಳ್ಳಲೇನ್ರಿ ಬೀಗರ?" ಎಂದು ನನ್ನ ಅತ್ತೆಯನ್ನು ಕೇಳುತ್ತಿದ್ದಳು. ದಿನಾ ಕೇಳುತ್ತಿದ್ದಳು.

"ತಗೋರಿ, ನನ್ನೇನ್ ಕೇಳ್ತೀರಿ" ಎಂದು ಅತ್ತೆ ಪೇಪರಿನಿಂದ ಮುಖ ಎತ್ತದೆ ಹೇಳುತ್ತಿದ್ದರು. ಅತ್ತೆ ಬೆಳಗಾವಿಯವರು, ಮಾತು ಖಡಕ್ಕು. ಆ "ತಗೋರಿ" ಬರೀ ತಗೋರಿಯೋ, ಅಥವಾ ಅದರಲ್ಲಿ ಬೇಸರ ಸೇರಿದೆಯೋ ಎಂದು ತೂಗಿ ನೋಡುವುದು ನನ್ನ ದಿನದ ಎರಡನೆಯ ಕೆಲಸ. ನಾನು ಮೊದಲಿನಿಂದಲೂ ಕಳವಳದ ಜಾತಿಯವಳು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ರಿಕ್ಷಾದಿಂದ ಇಳಿದು ವಾಪಸ್ ಬಂದವಳು.

ಸದಾಶಿವ ಪೇಠದ ನಮ್ಮ ಫ್ಲ್ಯಾಟು ಸಣ್ಣದು. ಒಂದು ಪಡಸಾಲೆ, ಅದರಲ್ಲಿ ಒಂದು ಟೀವಿ. ನಮ್ಮನೆಯವರು ಮಾರ್ಕೆಟ್ ಯಾರ್ಡಿನ ಈರುಳ್ಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಬೆಳಕು ಹರಿಯುವ ಮುಂಚೆ ಹೋಗಿಬಿಡುತ್ತಾರೆ. ನಾನು ಪಕ್ಕದ ಗಲ್ಲಿಯ ಕೋಚಿಂಗ್ ಕ್ಲಾಸಿನ ಆಫೀಸಿಗೆ ಹೋದರೆ ಬರುವುದು ಸಂಜೆ. ಇಡೀ ದಿನ ಮನೆಯಲ್ಲಿ ಇಬ್ಬರು ಬೀಗತಿಯರು ಮತ್ತು ಆ ಟೀವಿ. ಅತ್ತೆಗೆ ಮಧ್ಯಾಹ್ನ ಮರಾಠಿ ಧಾರಾವಾಹಿ ಬೇಕು. ಅವ್ವನಿಗೆ ಸಂಜೆ ಕನ್ನಡದ ಪ್ರವಚನ, ಆಮೇಲೆ ಒಂದು ಕನ್ನಡ ಧಾರಾವಾಹಿ ಬೇಕು. ಆದರೆ ಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಅತ್ತೆ ಏನು ಹಚ್ಚಿದರೆ ಅದನ್ನು ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದಳು, ಅರ್ಧ ತಿಳಿಯದಿದ್ದರೂ.

ಆಗ ಕೇಬಲ್ ತೆಗೆಸಿ, ಇಂಟರ್ನೆಟ್ಟಿನಿಂದ ಕಾರ್ಯಕ್ರಮ ತೋರಿಸುವ ಡಬ್ಬಿ ಕೂರಿಸುವುದು ಎಂದು ನಾವು ಗಂಡ ಹೆಂಡತಿ ತೀರ್ಮಾನಿಸಿದೆವು. ಎಲ್ಲಿಯವರೆಗೆ ನೋಡಿ ಬಿಟ್ಟಿದ್ದೀರೋ ಅಲ್ಲಿಂದ ಮುಂದೆ ತೋರಿಸುವ ಡಬ್ಬಿ. ಒಂದು ಸಾಕಾಗಿತ್ತು. ನಾನು ಎರಡು ಬೇಕೆಂದೆ. ಒಂದೇ ತಂದರೆ ಅದು ಅತ್ತೆಯ ಡಬ್ಬಿಯಾಗುತ್ತದೆ, ಅತ್ತೆಯ ವಸ್ತುವನ್ನು ಅವ್ವ ಸಾಯುವವರೆಗೂ ಮುಟ್ಟುವುದಿಲ್ಲ. ಅಂಗಡಿಯವನು "ತಾಈ, ದೋನ್ ಕಶಾಲಾ? ಟೀವಿ ತರ್ ಏಕಚ್ ಆಹೆ ನಾ?" ಎಂದ, ಟೀವಿ ಒಂದೇ ಇರುವಾಗ ಎರಡು ಯಾಕೆ ಎಂದು. ಎರಡು ಬೇಕೇ ಬೇಕು ಎಂದಾಗ, ಹಾಗಾದರೆ ಎರಡನೆಯದು ಬೇರೆ ಕಂಪನಿಯದು ಒಯ್ಯಿರಿ ಎಂದು ಇನ್ನೊಂದನ್ನು ಮುಂದಿಟ್ಟ.

ಬೇರೆಯದು! ಅವನಿಗೇನು ಗೊತ್ತು. ನನ್ನ ಮದುವೆಯಲ್ಲಿ ಬೀಗರಿಗೆ ಉಡಿಸಿದ ಸೀರೆಯ ಜರಿ ನನ್ನ ಅವ್ವ ಉಟ್ಟ ಸೀರೆಯ ಜರಿಗಿಂತ ಒಂದು ಬೆರಳು ಸಣ್ಣದಾಗಿತ್ತು. ಆ ಒಂದು ಬೆರಳು ಜರಿ ವರ್ಷಗಟ್ಟಲೆ ನಮ್ಮ ಮನೆಯಲ್ಲಿ ವಾಸವಾಗಿತ್ತು. ಹಬ್ಬ ಬಂದಾಗ, ಮುಂಜಿವೆ ಬಂದಾಗ, ಯಾರದೋ ಸೀಮಂತ ಬಂದಾಗ ಅದು ಎದ್ದು ಬಂದು ನಮ್ಮ ನಡುವೆ ಕೂರುತ್ತಿತ್ತು. ಅಂದಿನಿಂದ ಇಬ್ಬರಿಗೂ ಏನೇ ತರಲಿ, ಒಂದೇ ಬಣ್ಣ, ಒಂದೇ ಅಂಚು, ಒಂದೇ ದರದ್ದು ತರುತ್ತೇನೆ. ಚಪ್ಪಲಿ ಸಹ. ಡಬ್ಬಿಯನ್ನೂ ಹಾಗೆಯೇ ತಂದೆ. ಒಂದೇ ಕಂಪನಿ, ಒಂದೇ ಮಾದರಿ, ಎರಡೂ ಕಪ್ಪು, ರಿಮೋಟೂ ತದ್ರೂಪು. ಗುರುತಿಗೆಂದು ಅತ್ತೆಯ ರಿಮೋಟಿಗೆ ರಬ್ಬರ್ ಬ್ಯಾಂಡ್ ಹಾಕಿದೆ, ಅವ್ವನದಕ್ಕೆ ಕೆಂಪು ದಾರ ಸುತ್ತಿದೆ. ಟೀವಿಯ ಕೆಳಗಿನ ಹಲಗೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಅವ್ವ ಎರಡಕ್ಕೂ ಕುಂಕುಮ ಹಚ್ಚಿದಳು. ಟೀವಿಯ ಸ್ವಂತ ರಿಮೋಟಿನಿಂದ ಒಂದನೆಯದೋ ಎರಡನೆಯದೋ ಎಂದು ಆರಿಸಿಕೊಂಡರೆ ಆಯಿತು, ಯಾರ ಡಬ್ಬಿ ಬೇಕೋ ಅದು ತೆರೆಯ ಮೇಲೆ ಬರುತ್ತದೆ. ಇಬ್ಬರೂ ಅದನ್ನು ನನಗಿಂತ ಬೇಗ ಕಲಿತರು.

ಒಂದು ವಾರದ ಮೇಲೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದಾಗ ಅವ್ವ ಪಕ್ಕದ ಮನೆಯವರಿಗೆ ತನ್ನ ಮುರುಕು ಮರಾಠಿಯಲ್ಲಿ ಹೇಳುತ್ತಿದ್ದುದು ಕೇಳಿತು, "ಮಾಝಾ ಡಬ್ಬಾ" ಎಂದು. ನನ್ನ ಡಬ್ಬಿ! ಈ ಮನೆಗೆ ಬಂದಮೇಲೆ ಅವಳ ಬಾಯಲ್ಲಿ "ನನ್ನ" ಎಂಬ ಮಾತು ಬಂದದ್ದು ಅದೇ ಮೊದಲು. ನನಗೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡಬೇಕು ಅನ್ನಿಸುವಷ್ಟು ಸಂತೋಷವಾಯಿತು. ಇನ್ನು ಚೀಲ ಬಿಚ್ಚುತ್ತಾಳೆ ಅಂದುಕೊಂಡೆ.

ನನ್ನ ಸಂತೋಷಕ್ಕೆ ಆಯುಸ್ಸು ಯಾವಾಗಲೂ ಕಮ್ಮಿ.

ಒಂದು ಸಂಜೆ ದೇವರ ದೀಪ ಹಚ್ಚಿ ಬಂದು ಅವ್ವ ತನ್ನ ಪ್ರವಚನಕ್ಕೆ ಕೂತಳು. ತೆರೆಯ ಮೇಲೆ ಸ್ವಾಮಿಗಳು ಬರಲಿಲ್ಲ, ಮೀನು ಬಂತು. ಕೊಂಕಣದ ಯಾವುದೋ ಅಡುಗೆಯ ಕಾರ್ಯಕ್ರಮ. ಹೆಂಗಸೊಬ್ಬಳು ಮೀನಿನ ಮೈಗೆ ಖಾರ ಸವರುತ್ತಿದ್ದಳು. ನಮ್ಮೆರಡೂ ಮನೆಗಳಲ್ಲಿ ಮೊಟ್ಟೆಯನ್ನೂ ಒಳಗೆ ತಂದವರಿಲ್ಲ. ಅವ್ವ ಟೀವಿ ಆರಿಸಿ ಅಡುಗೆಮನೆಗೆ ಹೋಗಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಳು. ನಾನು ಕೇಳಿದಾಗ ಸೊಪ್ಪಿನ ಮೇಲೆ ಕಣ್ಣಿಟ್ಟು ಹೇಳಿದಳು.

"ನನ್ನ ಡಬ್ಬಿ ಯಾರೋ ಮುಟ್ಟ್ಯಾರ. ಇರಲಿ ಬಿಡು. ಅವರ ಮನಿ, ಅವರ ಟೀವಿ."

ಮನೆಯಲ್ಲಿ ಯಾರೋ ಎಂದರೆ ಇನ್ನಾರು? ನನಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಅದನ್ನು ನುಂಗಿಕೊಂಡೆ. ನುಂಗುವುದರಲ್ಲಿ ನನ್ನ ಕೈ ಪಳಗಿದೆ. ಮರುದಿನ ಅವ್ವನ ಧಾರಾವಾಹಿ ಎಷ್ಟೋ ಕಂತು ಮುಂದೆ ಹೋಗಿ ನಿಂತಿತ್ತು. ಅದರ ಮರುದಿನ ಅವಳು ಬಂದ್ ಮಾಡಿದ್ದ ಡಬ್ಬಿ ತಾನಾಗಿಯೇ ಎದ್ದು ಕೂತಿತ್ತು. ಅವ್ವನಿಗೆ ಕಣ್ಣು ನೋಯಲು ಶುರುವಾಯಿತು. "ಡಾಕ್ಟರ ಹತ್ರ ಹೋಗೂಣು" ಎಂದರೆ ಬೇಡವೆಂದಳು. ಕಣ್ಣಿಗೆ ಏನೂ ಆಗಿಲ್ಲವೆಂದು ನನಗೂ ಗೊತ್ತಿತ್ತು.

ಇದಕ್ಕೆ ನಾನು ಕಂಡುಕೊಂಡ ಉಪಾಯ ಹೀಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಟೀವಿಯ ದನಿ ಬಂದ್ ಮಾಡಿ, ಕೆಂಪು ದಾರದ ರಿಮೋಟ್ ಹಿಡಿದು ಅವ್ವನ ಧಾರಾವಾಹಿಯನ್ನು ಹಿಂದೆ ಹಿಂದೆ ತಳ್ಳಿ, ಅವಳು ಬಿಟ್ಟ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದೆ. ಮೀನು ಕಂಡರೆ ಓಡಿಸುತ್ತಿದ್ದೆ. ಸ್ವಾಮಿಗಳನ್ನು ಅವರ ಜಾಗದಲ್ಲಿ ಕೂರಿಸುತ್ತಿದ್ದೆ. ಎಲ್ಲ ಸರಿಮಾಡಿ, ಬೆವರು ಒರೆಸಿಕೊಂಡು ಆಫೀಸಿಗೆ ಹೋಗಿ ಬಂದರೆ ಸಂಜೆ ಬಾಗಿಲಲ್ಲೇ ಅತ್ತೆ.

"ನಿಮ್ಮ ಅವ್ವಾರಿಗೆ ನನ್ನ ಡಬ್ಬಿ ಬೇಕಾದ್ರ ನೋಡ್ಲಿ, ನನಗ ಅಡ್ಡಿಯಿಲ್ಲ. ಆದ್ರ ಹೇಳಿ ನೋಡ್ಲಿ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ನಾ ನೋಡೂ ಧಾರಾವಾಹಿಯ ಕೊನೀ ಭಾಗಕ್ಕ ತಂದಿಟ್ಟಾರ. ಆ ಸಣ್ಣ ಸೊಸಿ ಮನಿ ಬಿಟ್ಟು ಹೋಗ್ತಾಳಂತ ಈಗs ಗೊತ್ತಾಗಿಬಿಡ್ತು. ಇನ್ನ ಏನ್ ನೋಡ್ಲಿ ನಾನು?"

ಅವ್ವ ಮುಟ್ಟಿಲ್ಲ ಎಂದು ಹೇಳಿದರೆ ಹಾಗಾದರೆ ಯಾರು ಎಂಬ ಪ್ರಶ್ನೆ ಬರುತ್ತದೆ. ಮುಟ್ಟಿದ್ದಾಳೆ ಎಂದರೆ ಸುಳ್ಳಾಗುತ್ತದೆ. ನಾನು "ನೋಡ್ತೀನಿ ಅತ್ಯಾ" ಎಂದಷ್ಟೇ ಹೇಳಿದೆ. ಮಾರನೆಯ ಬೆಳಿಗ್ಗೆಯಿಂದ ಇನ್ನೂ ಬೇಗ ಎದ್ದು ಎರಡೂ ಡಬ್ಬಿ ಸರಿಮಾಡತೊಡಗಿದೆ. ಮೊದಲು ಅತ್ತೆಯದು, ಆಮೇಲೆ ಅವ್ವನದು. ಹಾಗೆ ಮಾಡಿದ ದಿನ ಅತ್ತೆಯದು ಹಾಳಾಗುತ್ತಿತ್ತು. ಮೊದಲು ಅವ್ವನದು ಮಾಡಿದ ದಿನ ಅವ್ವನದು ಹಾಳಾಗುತ್ತಿತ್ತು. ನಾನು ಸರಿಮಾಡಿದಷ್ಟೂ ಕೆಡುತ್ತಿದ್ದರೆ ಮನೆಯಲ್ಲಿ ಏನೋ ದೊಡ್ಡದು ನಡೆಯುತ್ತಿದೆ, ಇಬ್ಬರೂ ಒಬ್ಬರಿಗೊಬ್ಬರು ಹಟ ಸಾಧಿಸುತ್ತಿದ್ದಾರೆ, ನಾನಿಲ್ಲದಾಗ ಇಲ್ಲಿ ಯುದ್ಧವೇ ನಡೆದಿದೆ ಎಂದು ನನಗೆ ಖಾತ್ರಿಯಾಯಿತು. ಆಫೀಸಿನಲ್ಲಿ ಫೋನ್ ರಿಂಗಾದರೆ ಮನೆಯಿಂದಲೇ ಇರಬೇಕೆಂದು ಓಡಿ ಹೋಗಿ ಎತ್ತುತ್ತಿದ್ದೆ. ನಮ್ಮನೆಯವರಿಗೆ ಹೇಳಿದರೆ, "ಟೀವಿ ವಿಷಯಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತಿ?" ಎಂದು ನಕ್ಕು ಮಲಗಿದರು. ಮಲಗಲು ಅವರಿಗೆ ಯಾವ ತಾಯಿಯೂ ಅಡ್ಡ ಬರುವುದಿಲ್ಲ.

ಇಬ್ಬರೂ ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಜಗಳವಾಡಲಿಲ್ಲ. "ಚಾ ತಗೋರಿ ಬೀಗರ," "ನೀವು ಮೊದಲ ತಗೋರಿ" ಎಂದು ಮರ್ಯಾದೆ ಹೆಚ್ಚಾಗುತ್ತ ಹೋಯಿತು. ನಮ್ಮ ಕಡೆ ಮರ್ಯಾದೆ ಅತಿಯಾಯಿತು ಎಂದರೆ ಮನಸ್ಸು ಮುರಿಯಿತು ಎಂದೇ ಅರ್ಥ.

ಒಂದು ಶನಿವಾರ ಬೆಳಿಗ್ಗೆ ಬಗ್ಗಿ ನೋಡಿದರೆ ಮಂಚದ ಕೆಳಗೆ ಚೀಲ ಇರಲಿಲ್ಲ. ನನ್ನ ಎದೆ ಧಸಕ್ಕೆಂದಿತು. ಅದು ಬಾಗಿಲ ಪಕ್ಕದಲ್ಲಿತ್ತು, ಚಪ್ಪಲಿಗಳ ಹತ್ತಿರ, ಜಿಪ್ ಪೂರ್ತಿ ಎಳೆದು. ಅವ್ವ ಸ್ನಾನ ಮಾಡಿ, ತಲೆ ಬಾಚಿ ಕೂತಿದ್ದಳು.

"ಸೋಮವಾರ ಶಿರೂರಿಗೆ ಹೋಗ್ತೀನವಾ. ತಂಗಿಗೆ ಹೇಳೀನಿ. ಬಸ್ಸಿಗೆ ಕೂಡ್ರಿಸಿಬಿಡು ಸಾಕು."

"ಯಾಕವ್ವಾ? ಏನಾತು?"

"ಏನೂ ಆಗಿಲ್ಲ. ಏನರೆ ಆಗೂದರಾಗ ಹೋಗಬೇಕು ನೋಡು."

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಪೇಪರಿನಿಂದ ಮುಖ ಎತ್ತಿದ್ದರು. ಒಂದು ಮಾತು, "ಇರ್ರಿ" ಎಂಬ ಒಂದೇ ಮಾತು ಅವರ ಬಾಯಿಂದ ಬಂದರೆ ಸಾಕು ಎಂದು ನಾನು ಕಾದೆ. ಅವರು ಪೇಪರನ್ನು ಮಡಚಿ ಒಳಗೆ ಹೋದರು. ಆ ದಿನವೆಲ್ಲ ಸಕ್ಕರೆ ಚೀಲಗಳ ಪಕ್ಕದಲ್ಲಿ ಮುದುಡಿ ಮಲಗಿದ ಅವ್ವನೇ ಕಣ್ಣ ಮುಂದೆ ಬರುತ್ತಿದ್ದಳು. ಹೆತ್ತ ತಾಯಿಗೆ ಒಂದು ಮೂಲೆ ಕೊಡಲಾರದ ಮಗಳು ಇದ್ದರೆಷ್ಟು, ಹೋದರೆಷ್ಟು ಎಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತುಬಿಟ್ಟೆ.

ಭಾನುವಾರ ಮಧ್ಯಾಹ್ನ. ಅವ್ವ ಒಳಗೆ ಅಡ್ಡಾಗಿದ್ದಳು. ಅತ್ತೆ ಸೋಫಾದಲ್ಲಿ ಕೂತು ತಮ್ಮ ಧಾರಾವಾಹಿ ಹುಡುಕುತ್ತಿದ್ದರು. ಕಳವಳವಾದಾಗ ಸಿಕ್ಕಿದ್ದನ್ನೆಲ್ಲ ಒರೆಸುವುದು ನನ್ನ ಚಾಳಿ. ಹಸಿ ಬಟ್ಟೆ ಹಿಡಿದು ಟೀವಿಯ ಕೆಳಗಿನ ಹಲಗೆ ಒರೆಸುತ್ತ ಕುಕ್ಕರಗಾಲಲ್ಲಿ ಕೂತಿದ್ದೆ. ಎರಡೂ ಡಬ್ಬಿಗಳು ನನ್ನ ಮೂಗಿನ ನೇರಕ್ಕಿದ್ದವು. ಅತ್ತೆ ರಿಮೋಟ್ ಒತ್ತಿದರು. ಅವರ ಡಬ್ಬಿಯ ಸಣ್ಣ ನೀಲಿ ದೀಪ ಮಿಟುಕಿತು. ಅವ್ವನ ಡಬ್ಬಿಯ ನೀಲಿ ದೀಪವೂ ಮಿಟುಕಿತು.

"ಅತ್ಯಾ, ಇನ್ನೊಮ್ಮೆ ಒತ್ತರಿ."

"ಯಾಕ?"

"ಒತ್ತರಿ ಅಂದ್ರ ಒತ್ತರಿ!"

ಅತ್ತೆಯ ಎದುರು ಆ ದನಿಯಲ್ಲಿ ನಾನು ಮಾತಾಡಿದ್ದು ಮದುವೆಯಾದಂದಿನಿಂದ ಅದೇ ಮೊದಲು. ಗಾಬರಿಯಾಗಿ ಅವರು ಒತ್ತಿಯೇ ಒತ್ತಿದರು. ಎರಡೂ ದೀಪ ಜೋಡಿಯಾಗಿ ಮಿಟುಕಿದವು. ನಾನು ಟೀವಿಯಲ್ಲಿ ಅವ್ವನ ಡಬ್ಬಿಯನ್ನು ತಂದು, ಪ್ರವಚನ ಹಚ್ಚಿ, ಅವ್ವನನ್ನು ಕೂಗಿ ಕರೆದೆ. ರಬ್ಬರ್ ಬ್ಯಾಂಡಿನ ರಿಮೋಟನ್ನೇ ಒತ್ತಿ ಎಂದು ಅತ್ತೆಗೆ ಹೇಳಿದೆ. ಒತ್ತಿದರು. ಸ್ವಾಮಿಗಳು ಕೈ ಎತ್ತಿ, ಬಾಯಿ ತೆರೆದು ಹಾಗೇ ನಿಂತುಬಿಟ್ಟರು. ಮತ್ತೆ ಒತ್ತಿದಾಗ ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದರು.

ವಿಷಯ ಇಷ್ಟೇ. ತದ್ರೂಪು ಡಬ್ಬಿಗಳಾದ್ದರಿಂದ ಯಾವ ರಿಮೋಟ್ ಒತ್ತಿದರೂ ಎರಡೂ ಕೇಳುತ್ತಿದ್ದವು. ತೆರೆಯ ಮೇಲೆ ಕಾಣುವುದು ಒಂದೇ. ಕಾಣದ ಇನ್ನೊಂದು ತನ್ನ ಪಾಡಿಗೆ ಹಿಂದೆ ಮುಂದೆ ಅಲೆದಾಡುತ್ತ, ಸಿಕ್ಕಲ್ಲಿ ನುಗ್ಗುತ್ತ, ಮೀನಿನವರೆಗೂ ಹೋಗಿ ಬರುತ್ತಿತ್ತು. ಒಂದನ್ನು ಬಂದ್ ಮಾಡಿದರೆ ಮಲಗಿದ್ದ ಇನ್ನೊಂದು ಎದ್ದು ಕೂರುತ್ತಿತ್ತು. ಮುಂಜಾನೆ ಎದ್ದು ಸರಿಮಾಡುತ್ತಿದ್ದ ನಾನೇ ಎಲ್ಲರಿಗಿಂತ ಹೆಚ್ಚು ಕೆಡಿಸಿದ್ದೆ.

"ನೀವs ಮಾಡೀರಿ ಅಂದ್ಕೊಂಡಿದ್ದೆ ನಾನು" ಎಂದರು ಅತ್ತೆ.

"ನಾನೂ ಹಂಗs ಅಂದ್ಕೊಂಡಿದ್ದೆ ನೋಡ್ರಿ" ಎಂದು ಅವ್ವ ಸೆರಗು ಬಾಯಿಗೆ ಹಿಡಿದಳು. ನಕ್ಕಳೋ ನಾಚಿದಳೋ ತಿಳಿಯಲಿಲ್ಲ.

ಮುಗಿಯಿತು, ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವ್ವ ಮೆತ್ತಗೆ ಹೇಳಿದಳು.

"ಛಲೋ ಆತು, ಯಾರ ಮ್ಯಾಲೂ ತಪ್ಪಿಲ್ಲ. ಮನಸ್ಸು ಹಗುರ ಆತು. ನನ್ನ ಡಬ್ಬಿ ತಿರುಗಿ ಕೊಟ್ಟುಬಿಡವಾ. ಒಂದs ಇದ್ರ ಬೀಗರಿಗೆ ತ್ರಾಸ ಇಲ್ಲ. ನಾ ಹೆಂಗೂ ನಾಳೆ ಹೋಗಾಕಿ."

ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಜಗಳವಾಗಿ ಹೋಗುವುದನ್ನಾದರೂ ತಡೆಯಬಹುದು, ಮನಸ್ಸು ಹಗುರಾಗಿ ಹೊರಟವಳನ್ನು ಏನೆಂದು ತಡೆಯಲಿ? ನಾನೇ ಹುಡುಕಿ ಹುಡುಕಿ ಅವಳಿಗೆ ಹೋಗಲು ಒಂದು ಒಳ್ಳೆಯ ನೆಪ ಮಾಡಿಕೊಟ್ಟಿದ್ದೆ. "ಬೇರೆ ಕಂಪನೀದು ತರ್ತೀನವ್ವಾ, ನಾಳೆನs ಬದಲಿ ಮಾಡ್ತೀನಿ" ಎಂದು ತೊದಲಿದೆ. "ಬ್ಯಾಡ, ಯಾಕ ಸುಮ್ನ" ಎಂದಳು.

ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ತಾಟು ತಂದು ಅವ್ವನ ಡಬ್ಬಿಯ ಮುಂದೆ ಆನಿಸಿ ನಿಲ್ಲಿಸಿದರು. ರಿಮೋಟ್ ಒತ್ತಿ, ಬಗ್ಗಿ ಪಕ್ಕದಿಂದ ನೋಡಿದರು. ದೀಪ ಮಿಟುಕಲಿಲ್ಲ. "ಅಡ್ಡ ಇದ್ರ ಅದಕ್ಕ ಕೇಳೂದಿಲ್ಲ ನೋಡ್ರಿ" ಎನ್ನುವಷ್ಟರಲ್ಲಿ ತಾಟು ಜಾರಿ ಠಣಠಣ ಎಂದು ಪಡಸಾಲೆ ತುಂಬ ಸುತ್ತಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದರು. ಆಮೇಲೆ ನೆಟ್ಟಗೆ ಬಾಗಿಲ ಹತ್ತಿರ ನಡೆದು ಅವ್ವನ ಚೀಲ ಎತ್ತಿಕೊಂಡು ಬಂದು ಪಡಸಾಲೆಯ ನಡುವೆ ಇಟ್ಟರು.

"ಬೀಗರ, ಇದನ್ನ ಖಾಲಿ ಮಾಡಿ ಕೊಡ್ರಿ."

"ಯಾಕ್ರಿ?"

"ಡಬ್ಬಿಗೆ ಅಡ್ಡ ಇಡಾಕ ಬೇಕು. ತುಂಬಿದ್ದು ಹಲಗಿ ಮ್ಯಾಲೆ ಹಿಡಿಯೂದಿಲ್ಲ."

"ಅದರಾಗ ನನ್ನ ಅರವಿ ಅದಾವ್ರಿ."

"ಅರವಿಗೆ ಕಪಾಟ ಅದ. ಚೀಲಕ್ಕ ಇಲ್ಲೇ ಕೆಲಸ ಅದ."

ಹೇಳುತ್ತಲೇ ಅವರು ಜಿಪ್ ಬಿಚ್ಚಿಬಿಟ್ಟರು. ಬೇರೆಯವರ ಚೀಲಕ್ಕೆ ಕೈ ಹಾಕುವುದು, ಅದೂ ಬೀಗತಿಯ ಚೀಲಕ್ಕೆ! ಅವ್ವ ಸಿಟ್ಟಾಗುತ್ತಾಳೆ, ಈಗಲೇ ಚಪ್ಪಲಿ ಮೆಟ್ಟುತ್ತಾಳೆ, ನಾನು ಇನ್ನು ಯಾರ ಕಾಲು ಹಿಡಿಯಲಿ ಎಂದು ನಿಂತಲ್ಲೇ ನಿಂತೆ. ಅವ್ವ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಅವಳ ಕಡೆ ನೋಡಲಿಲ್ಲ, ಜಿಪ್ಪಿನ ಕಡೆ ನೋಡುತ್ತಿದ್ದರು. ಅವರ ಕಿವಿಗಳು ಕೆಂಪಾಗಿದ್ದವು.

ಆಮೇಲೆ ಅವ್ವ ಮಂಡಿಯೂರಿ ಕೂತಳು. ಸೀರೆಗಳನ್ನು ಒಂದೊಂದಾಗಿ ತೆಗೆದು ಕೊಟ್ಟಳು. ಅತ್ತೆ ಅವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದು, ನಾನು ಕಾಗದ ಹಾಸಿದ್ದ ಖಾನೆಯಲ್ಲಿ ಇಟ್ಟು ಬಂದರು. ಚೀಲದ ತಳದಲ್ಲಿ ಒಂದು ಚಹಾಪುಡಿಯ ಪೊಟ್ಟಣ ಇತ್ತು. ಬೀಗರ ಮನೆಗೆ ಭಾರವಾಗಬಾರದೆಂದು ಅವ್ವ ಧಾರವಾಡದಿಂದ ತಂದದ್ದು, ಕೊಡಲು ನಾಚಿ ಹಾಗೇ ಇಟ್ಟುಕೊಂಡದ್ದು. ಅತ್ತೆ ಅದನ್ನು ಮೂಸಿ ನೋಡಿದರು.

"ಇದು ಅಡಿಗಿಮನಿಗೆ. ಹಾಲಿನ ಸುದ್ದಿ ಇನ್ನ ನನ್ನ ಕೇಳಬ್ಯಾಡ್ರಿ, ದಿನಾ ಕೇಳಿ ಕೇಳಿ ನನಗ ಸಾಕಾಗ್ಯದ" ಎಂದರು.

ಸೋಮವಾರದ ಬಸ್ಸು ಅವ್ವನನ್ನು ಬಿಟ್ಟು ಹೋಯಿತು. ಅಂಗಡಿಗೆ ಹೋಗಿ ಡಬ್ಬಿ ಬದಲಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ನಾನಂತೂ ಸತ್ತರೂ ಎತ್ತುವುದಿಲ್ಲ. ಡಬ್ಬಿಗಳು ಬಂದ ರಟ್ಟಿನ ಪೆಟ್ಟಿಗೆಗಳು ಅಟ್ಟದ ಮೇಲೆ ಖಾಲಿ ಬಿದ್ದಿವೆ. ಅಡ್ಡ ಇಡಲು ಅಳತೆ ಮಾಡಿಸಿದಂತಿವೆ. ಅವನ್ನು ಅಲ್ಲಿ ಜೋಪಾನವಾಗಿ ಇಡಿಸಿದವರು ಅತ್ತೆಯೇ.

ಈಗ ಮಧ್ಯಾಹ್ನ ಚೀಲ ಅವ್ವನ ಡಬ್ಬಿಯ ಮುಂದೆ ನಿಲ್ಲುತ್ತದೆ, ಸಂಜೆ ಅತ್ತೆಯ ಡಬ್ಬಿಯ ಮುಂದೆ. ಸರಿಸುವವಳು ಅವ್ವ. ಅತ್ತೆಗೆ ಅದನ್ನು ನೆಟ್ಟಗೆ ನಿಲ್ಲಿಸಲು ಬರುವುದಿಲ್ಲವಂತೆ, "ಬೀಗರs ಇಡಬೇಕು" ಎನ್ನುತ್ತಾರೆ. ನನ್ನ ಕಳವಳ ಹೋಗಿಲ್ಲ, ಅದು ಹೋಗುವಂಥದ್ದಲ್ಲ. ಇವತ್ತಿಗೂ ಎದ್ದ ಕೂಡಲೇ ಮಂಚದ ಕೆಳಗೆ ಬಗ್ಗಿ ನೋಡುತ್ತೇನೆ. ಚೀಲ ಕಾಣುವುದಿಲ್ಲ. ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಆಮೇಲೆ ಪಡಸಾಲೆಗೆ ಬಂದು ನೋಡುತ್ತೇನೆ. ಟೀವಿಯ ಮುಂದೆ ಇರುತ್ತದೆ, ಖಾಲಿ.